ಕತ್ತೊಂದು ಬಾಕಿ

ಶುಕ್ರವಾರ
ಹಲ್ಲಿನ ಕ್ಲಿನಿಕ್ಕಿನ ಮುಂಭಾಗದ ಕೌಂಟರಿನಿಂದ

ರೀ,

‘ಪ್ರೀತಿಯ’ ಎಂದು ಶುರುಮಾಡೋಣವೆಂದುಕೊಂಡೆ. ಆದರೆ ಸೋಮವಾರದಿಂದ ಫೋನ್ ಎತ್ತದವರಿಗೆ ಪ್ರೀತಿಯ ಎಂದು ಬರೆದರೆ ನನಗೆ ಮಾನ ಮರ್ಯಾದೆ ಏನೂ ಇಲ್ಲವೆಂದಾಗುತ್ತದೆ. ‘ಮಾನ್ಯರೇ’ ಎಂದು ಬರೆದು ನೋಡಿದೆ, ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ದೂರು ಕೊಟ್ಟ ಹಾಗಾಯಿತು. ಕೊನೆಗೆ, ಮದುವೆಯಾದಾಗಿನಿಂದ ಅಡುಗೆಮನೆಯಿಂದ ಕೂಗುತ್ತಾ ಬಂದಿರುವ ಈ ಒಂದಕ್ಷರವೇ ಸಾಕು ಎನ್ನಿಸಿತು. ಒಂದೇ ಕೂಗಿಗೆ ನೀವು ಓಗೊಟ್ಟದ್ದು ಕಡಿಮೆ, ಆದರೂ ಮೂರನೆಯದಕ್ಕೋ ನಾಲ್ಕನೆಯದಕ್ಕೋ ಬಂದೇ ಬರುತ್ತಿದ್ದಿರಿ.

ಮೊದಲೇ ಹೇಳಿಬಿಡುತ್ತೇನೆ. ನಾನು ಯಾವ ತಪ್ಪೂ ಮಾಡಿಲ್ಲ. ಅಂದರೆ ಮಾಡಿದ್ದೇನೆ, ಆದರೆ ನೀವು ಅಂದುಕೊಂಡಿರುವ ತಪ್ಪು ಅದಲ್ಲ. ನಾನು ಮಾಡಿದ ತಪ್ಪು ಒಂದು ಸ್ವೆಟರಿನ ಬೆನ್ನಿನ ಮೇಲಿತ್ತು, ಸೊಂಟದಿಂದ ನಾಲ್ಕು ಬೆರಳು ಮೇಲೆ, ಎಡಗಡೆಯ ಜಡೆಯ ನಮೂನೆಯಲ್ಲಿ. ಬರುವ ಸೋಮವಾರ ನೀವು ನಿಮ್ಮ ಕಂಪನಿಯವರಿಗೆ, ಆ ಊರಿನಲ್ಲೇ ಕಾಯಂ ಆಗಿ ಇದ್ದುಬಿಡುತ್ತೇನೆ ಎಂದು ಹೇಳಲಿದ್ದೀರಂತೆ. ಅದಕ್ಕೆ ಮೊದಲು ಈ ಪತ್ರವನ್ನು ಕೊನೆಯವರೆಗೂ ಓದಿ. ಅರ್ಧಕ್ಕೆ ಬಿಟ್ಟು ಎದ್ದು ಹೋಗಬೇಡಿ, ನಾನು ಮಾತಾಡುವಾಗ ನೀವು ಮಾಡುವುದು ಅದನ್ನೇ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡಿ. ಹೇಳಬೇಕಾದರೆ ನೀವು ಎತ್ತಬೇಕು. ಮೆಸೇಜು ಕಳಿಸಬಹುದಿತ್ತಲ್ಲ ಎಂದರೆ, ಇಷ್ಟೆಲ್ಲ ಅನಾಹುತ ಆದದ್ದೇ ಮೆಸೇಜಿನಿಂದ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಸದ್ಯಕ್ಕೆ ಒಲೆ ಚೆನ್ನಾಗಿದೆ.

ಪತ್ರವನ್ನು ನಿಮ್ಮ ಅಕ್ಕನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಅವರು ನಿಮ್ಮಲ್ಲಿಗೆ ಹೊರಟಿದ್ದಾರೆ. ಅತ್ತಿಗೆ ಬೇರೆಯವರ ಪತ್ರ ಓದುವವರಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದಲೇ ಲಕೋಟೆಯ ಬಾಯಿಗೆ ಅಂಟು ಹಚ್ಚದೆ, ಅಂಚಿಗೆಲ್ಲ ಸೂಜಿಯಲ್ಲಿ ತೂತು ಮಾಡಿ, ಕ್ರೋಶಾ ಕೊಕ್ಕೆಯಿಂದ ಹೆಣೆದು ಮುಚ್ಚುತ್ತಿದ್ದೇನೆ. ಕೊನೆಯಲ್ಲಿರುವ ಗಂಟು ನನ್ನ ಕೈಗೆ ಮಾತ್ರ ಬರುವ ಗಂಟು, ಬೇರೆಯವರು ಬಿಚ್ಚಿ ಮತ್ತೆ ಹಾಕಿದರೆ ನಿಮಗೂ ಗೊತ್ತಾಗುತ್ತದೆ. (ಅತ್ತಿಗೆ, ಇದನ್ನು ಈಗ ನೀವೇ ಓದುತ್ತಿದ್ದರೆ, ಪರವಾಗಿಲ್ಲ, ಓದಿ. ಆದರೆ ಓಡುವ ಬಸ್ಸಿನಲ್ಲಿ ಕೊಕ್ಕೆ ಹಿಡಿದು ಗಂಟು ಹಾಕಲು ಹೋಗಬೇಡಿ, ಬಸ್ಸು ಕುಲುಕಿದರೆ ಕಣ್ಣಿಗೆ ಬಡಿದೀತು.)

ಇದೆಲ್ಲ ಶುರುವಾದದ್ದು ಆ ಭಾನುವಾರ. ಊರಿನ ತಕ್ಕಡಿಗಳನ್ನೆಲ್ಲ ರಿಪೇರಿ ಮಾಡುವವರು ನೀವು, ಯಾವುದೋ ಗೋಡೌನಿನ ದೊಡ್ಡ ತೂಕದ ಯಂತ್ರವನ್ನು ಮನೆಗೇ ತಂದುಕೊಂಡು ಬಿಚ್ಚಿ ಜೋಡಿಸಿದಿರಿ. ಮುಳ್ಳು ಸರಿಯಾಗಿ ನಿಲ್ಲುತ್ತದೆಯೋ ನೋಡಲು ಏನಾದರೂ ಭಾರದ್ದು ಬೇಕಿತ್ತು. ಮಂಚದ ಕೆಳಗಿದ್ದ ನನ್ನ ಉಣ್ಣೆಯ ಚೀಲ ಕಣ್ಣಿಗೆ ಬಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನೀವು ನಿಲ್ಲಿಸಲಿಲ್ಲ. ಬೀರುವಿನಿಂದ, ದಿಂಬಿನ ಚೀಲಗಳಿಂದ, ದೊಡ್ಡ ಕುಕ್ಕರಿನಿಂದ, ನಿಮ್ಮ ಮಳೆಗಾಲದ ಬೂಟುಗಳೊಳಗಿಂದ, ಮುಗಿದದ್ದು, ಅರ್ಧವಾದದ್ದು, ಇನ್ನೂ ಶುರುವೇ ಆಗದ್ದು ಎಲ್ಲವನ್ನೂ ತಂದು ಹೇರಿದಿರಿ. ಆಮೇಲೆ ಅದನ್ನೆಲ್ಲ ಇಳಿಸಿ ನೀವೇ ಹತ್ತಿ ನಿಂತಿರಿ. ಉಣ್ಣೆ ನಿಮಗಿಂತ ಒಂದು ಕಿಲೋ ಹೆಚ್ಚಿಗೆ ತೂಗಿತ್ತು.

“ಈ ಮನೇಲಿ ನನಗಿಂತ ಉಲ್ಲನ್‌ಗೇ ತೂಕ ಜಾಸ್ತಿ” ಅಂದಿರಿ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಜೋಕು ಹೇಳಿದಿರೆಂದೇ ಅಂದುಕೊಂಡಿದ್ದೆ. ನೀವು ಗಂಟು ಮುಖ ಹಾಕಿಕೊಂಡು ಯಂತ್ರದಿಂದ ಇಳಿದಿರಿ, ಮರುದಿನ ಕಂಪನಿಯವರು ಬೇರೆ ಊರಿನ ಶಾಖೆಗೆ ಎರಡು ತಿಂಗಳು ಯಾರು ಹೋಗುತ್ತೀರಿ ಎಂದು ಕೇಳಿದಾಗ ಕೈ ಎತ್ತಿದಿರಿ. ನೀವು ಸಣಕಲು ಇರುವುದಕ್ಕೆ ಉಣ್ಣೆಯೇನು ಮಾಡೀತು?

ಇನ್ನೂ ಒಂದು ಮಾತು ಹೇಳಿ ಹೋದಿರಿ. “ಊರಿಗೆಲ್ಲ ಹೆಣೀತೀಯ, ನನಗೊಂದು ಕಾಲುಚೀಲಾನೂ ಇಲ್ಲ.” ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ನಿಮ್ಮ ಮುಖದ ಮೇಲೆ ಅದು ಬರೆದಿತ್ತು. ಸ್ವಾಮಿ, ಮದುವೆಯಾದ ವರ್ಷ ನಾನು ಮಫ್ಲರ್ ಹೆಣೆದು ಕೊಟ್ಟಾಗ “ಉಲ್ಲನ್ ನನಗೆ ಚುಚ್ಚುತ್ತೆ” ಎಂದು ತಿರುಗಿ ಕೊಟ್ಟವರು ಯಾರು? ಚುಚ್ಚುತ್ತದೆ ಎಂದವರ ಮೈಮೇಲೆ ಬಲವಂತವಾಗಿ ಸ್ವೆಟರ್ ಹೇರಲು ನಾನೇನು ರಾಕ್ಷಸಿಯೇ? ಅಂದಿನಿಂದ ನಾನು ಚುಚ್ಚದವರಿಗೆ ಹೆಣೆಯುತ್ತಿದ್ದೇನೆ, ಅಷ್ಟೆ.

ಹಾಗೆ ಹೆಣೆಯುತ್ತಿರುವುದರ ವಿಚಾರವನ್ನೂ ಹೇಳುತ್ತೇನೆ, ನಾನೇನೂ ಮುಚ್ಚಿಡುವುದಿಲ್ಲ. ನಮ್ಮ ಕ್ಲಿನಿಕ್ಕಿನ ಡಾಕ್ಟ್ರಮ್ಮನಿಗೆ, ಮಕ್ಕಳಿಗೆ ಹಲ್ಲುಜ್ಜುವುದನ್ನು ಹೇಳಿಕೊಡಲು ಕ್ರೋಶಾದಲ್ಲಿ ಒಂದು ಇಡೀ ಬಾಯಿ ಬೇಕಂತೆ, ದವಡೆ, ನಾಲಿಗೆ, ಹಲ್ಲು ಎಲ್ಲ ಇರುವುದು. ಒಸಡು ಚೆನ್ನಾಗಿ ಬಂದಿದೆ. ಬಿಳಿ ನೂಲು ಮುಗಿದುಹೋಗಿ ದವಡೆಹಲ್ಲು ನಿಂತಿವೆ. ಹೊಸದು ಕೊಂಡರೆ ತೂಕ ಹೆಚ್ಚಾಗುತ್ತದೆಂದು ನೀವು ಹೋದಾಗಿನಿಂದ ನಾನು ಒಂದು ಉಂಡೆಯನ್ನೂ ಕೊಂಡಿಲ್ಲ, ಇದನ್ನು ಗಮನಿಸಿ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಮೊಣಕಾಲು ಚೀಲ ಆ ಭಾನುವಾರಕ್ಕೆ ಮೊದಲೇ ಒಂದು ಕಾಲಿಗೆ ಆಗಿತ್ತು. ಅವರು ಅದೊಂದನ್ನೇ ಹಾಕಿಕೊಂಡು ದಿನಾ ಗೇಟಿನ ಹತ್ತಿರ ನಿಂತು, ಯಾವ ಕಾಲಿಗೆ ಎಷ್ಟು ಚಳಿ ಎಂದು ವರದಿ ಕೊಡುತ್ತಾರೆ. ಎದುರುಮನೆಯ ಅಜ್ಜಿಯ ಶಾಲು ಇನ್ನೂ ಬಣ್ಣದಲ್ಲೇ ಇದೆ, ಅವರು ವಾರಕ್ಕೊಂದು ಬಣ್ಣ ಹೇಳುತ್ತಾರೆ. ಅತ್ತಿಗೆಯ ಮಗಳಿಗೆ ಹುಟ್ಟುವ ಮೊದಲೇ ಶುರುಮಾಡಿದ ಕುಲಾವಿ ಮುಗಿಯುವಷ್ಟರಲ್ಲಿ ಆ ಹುಡುಗಿ ಶಾಲೆಗೆ ಸೇರಿತ್ತು, ಈಗ ಅದು ಅವಳ ಗೊಂಬೆಯ ತಲೆಯ ಮೇಲಿದೆಯೆಂದು ನಿಮಗೆ ಗೊತ್ತೇ ಇದೆ. ಇನ್ನು ಆ ಮೇಜಿನ ಹಾಸು. ಅದು ಮೇಜನ್ನು ದಾಟಿ ಬಹಳ ಕಾಲವಾಯಿತು. ಎಲ್ಲಿ ನಿಲ್ಲಿಸಬೇಕೆಂದು ನನಗೂ ತಿಳಿಯುತ್ತಿಲ್ಲ, ಅದಕ್ಕೂ ತಿಳಿಯುತ್ತಿಲ್ಲ.

ಈಗ ಬಂದೆ. ಒಬ್ಬರು ಕೆನ್ನೆಯನ್ನು ಕೈಯಲ್ಲಿ ಹೊತ್ತುಕೊಂಡು ಬಂದಿದ್ದರು, ಒಳಗೆ ಕಳಿಸಿದೆ. ಎಲ್ಲಿದ್ದೆ? ಹಾಂ, ಸ್ವೆಟರು.

ನೀವು ಹೋದ ಮೂರನೆಯ ದಿನವೇ ನಿಮಗೊಂದು ಸ್ವೆಟರ್ ಶುರುಮಾಡಿದೆ. ಅದು ಗುಟ್ಟಾಗಿರಬೇಕಿತ್ತು, ನೀವು ವಾಪಸು ಬಂದ ದಿನ ತೊಡಿಸಿ ನಿಮ್ಮ ಬಾಯಿ ಮುಚ್ಚಿಸಬೇಕೆಂದಿದ್ದೆ. ನನ್ನ ಹತ್ತಿರ ಹಿಂದೆ ಯಾವಾಗಲೋ ತಂದಿಟ್ಟ ಬೂದುನೀಲಿ ಬಣ್ಣದ ಬಹಳ ಒಳ್ಳೆಯ ಉಣ್ಣೆಯಿತ್ತು. ಎಂಥದಕ್ಕೋ ಇರಲಿ, ಯಾವುದಾದರೂ ದೊಡ್ಡ ಕೆಲಸಕ್ಕೆ ಇರಲಿ ಎಂದು ಎತ್ತಿಟ್ಟು, ಆಗಾಗ ತೆಗೆದು ಕೆನ್ನೆಗೆ ಒತ್ತಿಕೊಂಡು ಮತ್ತೆ ಒಳಗಿಡುತ್ತಿದ್ದೆ. ಅದನ್ನೇ ತೆಗೆದೆ. ಚುಚ್ಚುತ್ತದೋ ಇಲ್ಲವೋ ನೋಡಲು ಒಂದು ಎಳೆ ಕತ್ತರಿಸಿ ಕತ್ತಿಗೆ ಸುತ್ತಿಕೊಂಡು ಒಂದಿಡೀ ದಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದೆ. ಡಾಕ್ಟ್ರಮ್ಮ “ಗಂಟಲುನೋವಾ?” ಎಂದು ಕೇಳಿದರು. ಚುಚ್ಚಲಿಲ್ಲ. ಮೊಳೆಗೆ ನೇತುಹಾಕಿ ಹೋಗಿದ್ದ ನಿಮ್ಮ ಗೆರೆಗೆರೆಯ ಅಂಗಿಯಿಂದ ಎದೆ, ತೋಳು, ಉದ್ದ ಎಲ್ಲ ಅಳತೆ ತೆಗೆದುಕೊಂಡೆ. ಬೆನ್ನ ಮೇಲೆ ಎರಡು ಜಡೆ, ಕೆಳಗಿನಿಂದ ಹೆಗಲವರೆಗೆ, ಬಲಗಡೆಯದು ಬಲಕ್ಕೆ ಹೊರಳಿಕೊಂಡು, ಎಡಗಡೆಯದು ಎಡಕ್ಕೆ ಹೊರಳಿಕೊಂಡು ಹೋಗಬೇಕು.

ಕಳೆದ ಭಾನುವಾರ ನೀವು ಫೋನ್ ಮಾಡಿ, ಕಂಪನಿಯವರು ಇಲ್ಲೇ ಕಾಯಂ ಇರುತ್ತೀಯಾ ಎಂದು ಕೇಳುತ್ತಿದ್ದಾರೆ, “ನೀನೇನಂತೀಯ?” ಎಂದಿರಿ. ನಾನು “ನಿಮ್ಮಿಷ್ಟ” ಎಂದೆ. ನೀವು “ಸರಿ” ಎಂದಿರಿ. ನಾನು ಗ್ಯಾಸ್ ಮುಗಿದ ವಿಷಯ ಹೇಳಿದೆ. ಇದು ನಮ್ಮಿಬ್ಬರ ಒಟ್ಟು ಸಂಭಾಷಣೆ.

ಮರುದಿನ ಸೋಮವಾರ, ಮಧ್ಯಾಹ್ನ ರೋಗಿಗಳು ಕಡಿಮೆಯಿದ್ದಾಗ, ಮುಗಿದ ಭಾಗಗಳನ್ನೆಲ್ಲ ಕೌಂಟರಿನ ಮೇಲೆ ಹರಡಿದೆ. ಮುಂಭಾಗ ಆಗಿತ್ತು, ತೋಳುಗಳಾಗಿದ್ದವು, ಬೆನ್ನಾಗಿತ್ತು. ಹೊಲಿದು ಜೋಡಿಸಿದರೆ ಕತ್ತಿನ ಪಟ್ಟಿಯೊಂದೇ ಬಾಕಿ. ಆಗ ಕಂಡಿತು. ಎಡಗಡೆಯ ಜಡೆ ಸೊಂಟದ ಹತ್ತಿರ ಒಂದೇ ಒಂದು ಕಡೆ ಬಲಕ್ಕೆ ಹೊರಳಿಬಿಟ್ಟಿತ್ತು. ಅದನ್ನು ಸರಿಮಾಡಬೇಕೆಂದರೆ ಹೆಗಲಿನಿಂದ ಅಲ್ಲಿಯವರೆಗೂ ಬಿಚ್ಚಬೇಕು. ಬಿಟ್ಟರೆ ಯಾರಿಗೂ ಕಾಣದು, ಆದರೆ ನನಗೆ ಕಂಡಾಗಿದೆ.

ಇಂಥ ಹೊತ್ತಿನಲ್ಲಿ ನಾನು ಏನು ಮಾಡುತ್ತೇನೆಂದು ನಿಮಗೆ ಗೊತ್ತು. ಇಷ್ಟು ವರ್ಷವೂ ಅದನ್ನೇ ಮಾಡಿದ್ದೇನೆ. ನಿಮ್ಮ ಮುಂದೆ ಎತ್ತಿ ಹಿಡಿದು “ರೀ, ಹಿಂದೆ ತಪ್ಪಾಗಿದೆ, ಬಿಡಲಾ, ಬಿಚ್ಚಲಾ?” ಎಂದು ಕೇಳುತ್ತೇನೆ. ನೀವು ಪೇಪರಿನಿಂದ ತಲೆ ಎತ್ತದೆ “ಬಿಡು, ಯಾರು ನೋಡ್ತಾರೆ” ಅನ್ನುತ್ತೀರಿ. ನಾನು ನಿಮಗೆ ಕೆಲಸದ ಬೆಲೆಯೇ ಗೊತ್ತಿಲ್ಲವೆಂದು ಬೈದು, ಬಿಚ್ಚದೆ ಬಿಟ್ಟುಬಿಡುತ್ತೇನೆ. ಎಷ್ಟು ಸಲ ಹೀಗಾಗಿಲ್ಲ! ಆ ಅಭ್ಯಾಸಬಲದಿಂದಲೇ ಫೋನ್ ತೆಗೆದು, ಗುಟ್ಟು ಬಿಟ್ಟುಕೊಡಬಾರದೆಂದು ಸ್ವೆಟರ್ ಎಂಬ ಮಾತನ್ನು ತಪ್ಪಿಸಿ, ಬರೆದೆ: “ಹಿಂದೆ ಒಂದು ತಪ್ಪಾಗಿದೆ. ಈಗ ಗೊತ್ತಾಯ್ತು. ಹೀಗೇ ಬಿಡಲಾ, ಬಿಚ್ಚಲಾ?”

ನೀವು ಉತ್ತರ ಕೊಟ್ಟಿರಿ: “ಬಿಚ್ಚಿಬಿಡು. ಎಷ್ಟು ದಿನ ಅಂತ ಮುಚ್ಚಿಟ್ಕೋತೀಯ?”

ಅದನ್ನು ಓದಿ ನಾನು ಅಂದುಕೊಂಡದ್ದು ಇದು: ಸ್ವೆಟರ್ ಮುಚ್ಚಿಟ್ಟ ವಿಷಯ ಇವರಿಗೆ ಗೊತ್ತಾಗಿದೆ, ಅತ್ತಿಗೆ ಹೇಳಿರಬೇಕು. (ಅತ್ತಿಗೆ, ಕ್ಷಮಿಸಿ, ಆಗ ಹಾಗನ್ನಿಸಿತು.) ಎಲ್ಲರ ಹೆಣಿಗೆಗೂ ಬಿಡು ಬಿಡು ಎನ್ನುತ್ತಿದ್ದ ಗಂಡ, ಮೊದಲ ಸಲ ತನಗೆಂದು ಹೆಣೆದದ್ದನ್ನು ಬಿಚ್ಚು ಎನ್ನುತ್ತಿದ್ದಾನೆ. ಅಂದರೆ ಇವರಿಗೆ ನನ್ನ ಸ್ವೆಟರೂ ಬೇಡ, ಬಿಚ್ಚಬೇಕಾದದ್ದು ಬರೀ ಸ್ವೆಟರೂ ಅಲ್ಲ ಎಂದು ನಾನು ಸುತ್ತಿ ಬಳಸಿ ಎಲ್ಲಿಗೋ ಹೋಗಿ ಮುಟ್ಟಿದೆ. ಸರಿ, ಹೇಳಿದ ಹಾಗೇ ಆಗಲಿ ಎಂದು ಹೆಗಲಿನ ತುದಿಯ ಎಳೆ ಹಿಡಿದು ಎಳೆದೆ. ಸರ್ರನೆ ಬಿಚ್ಚಿಕೊಂಡು ಬಂತು. ಕಣ್ಣು ಮಂಜಾಗಿ ನೂಲು ಸಿಕ್ಕಾಗತೊಡಗಿದಾಗ ಡಾಕ್ಟ್ರಮ್ಮ ಕೈಗವಸು ತೆಗೆದು ಬಂದು ಇನ್ನೊಂದು ತುದಿ ಹಿಡಿದುಕೊಂಡರು. ಕಾಯುತ್ತಿದ್ದ ರೋಗಿಗಳಲ್ಲಿ ಒಬ್ಬರು ಉಂಡೆ ಸುತ್ತಿದರು.

ಸಂಜೆ ನೀವು ಫೋನ್ ಮಾಡಿದಿರಿ. ಆ ಮಾತುಕತೆಯನ್ನು ಈಗ ನೆನೆದರೆ ತಲೆ ಚಚ್ಚಿಕೊಳ್ಳಬೇಕೋ ನಗಬೇಕೋ ತಿಳಿಯುವುದಿಲ್ಲ. ನೀವು ಮರೆತಿರಲಾರಿರಿ, ಆದರೂ ಬರೆಯುತ್ತೇನೆ, ಈ ಸಲ ನನ್ನ ಅರ್ಥ ಇಟ್ಟುಕೊಂಡು ಓದಿ. ಬಿಚ್ಚಿದ್ಯಾ ಎಂದು ಕೇಳಿದಿರಿ. ಬಿಚ್ಚಿದೆ ಎಂದೆ. ಎಲ್ಲಾನೂ ಬಿಚ್ಚಿ ಹೇಳಿಕೊಂಡ್ಯಾ ಎಂದು ನೀವು ಕೇಳಿದ್ದು ನಿಜವಂತೆ, ನನಗೆ ಕೇಳಿಸಿದ್ದು ‘ಎಲ್ಲಾನೂ ಬಿಚ್ಚಿ’ ಎಂಬುದಷ್ಟೇ, ಒಳಗೆ ಡಾಕ್ಟ್ರಮ್ಮನ ಯಂತ್ರ ಗುಂಯ್ಗುಡುತ್ತಿತ್ತು. “ಹೆಗಲಿಂದ ಶುರುಮಾಡಿ ಸೊಂಟದವರೆಗೂ ಬಿಚ್ಚಿದೆ” ಎಂದೆ. ಎಲ್ಲಿ ಎಂದಿರಿ. ಕ್ಲಿನಿಕ್ಕಿನಲ್ಲೇ ಎಂದೆ. ಯಾರಿದ್ದರು ಎಂದಿರಿ. “ಹಲ್ಲುನೋವಿನವರು ನಾಲ್ಕೈದು ಜನ ಇದ್ರು. ಡಾಕ್ಟ್ರಮ್ಮ ಒಂದು ಕಡೆ ಹಿಡ್ಕೊಂಡ್ರು, ಇಲ್ಲದಿದ್ರೆ ನನ್ನೊಬ್ಬಳ ಕೈಲಿ ಆಗ್ತಿರ್ಲಿಲ್ಲ” ಎಂದೆ. ಆಮೇಲೆ, ನನಗೂ ರೋಷವಿತ್ತಲ್ಲ, “ನೀವೇ ತಾನೇ ಬಿಚ್ಚು ಅಂದಿದ್ದು? ಈಗ ಸಮಾಧಾನ ಆಯ್ತಾ?” ಎಂದೂ ಸೇರಿಸಿದೆ. ನೀವು ಫೋನ್ ಇಟ್ಟಿರಿ. ಅಂದಿನಿಂದ ಎತ್ತಿಲ್ಲ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಇದಕ್ಕೇ. ಇಲ್ಲಿ ಎತ್ತು ಯಾರು, ಕೋಣ ಯಾರು ಎಂಬ ಚರ್ಚೆಯನ್ನು ನೀವು ಬಂದ ಮೇಲೆ ಮಾಡೋಣ.

ನೀವು ಫೋನಿನಲ್ಲಿ ಹೇಳಿಕೊಂಡದ್ದನ್ನು ಕೇಳಿ ಬುಧವಾರ ಅತ್ತಿಗೆ ಕ್ಲಿನಿಕ್ಕಿಗೆ ಬಂದರು, ಕೆನ್ನೆಗೆ ಕೈಕೊಟ್ಟುಕೊಂಡು. ಹಲ್ಲುನೋವು ಎಂದರು. ನೋವು ಬಲಗಡೆ ಎಂದರು, ಕೈ ಎಡಗಡೆ ಇತ್ತು. ನನ್ನ ಹತ್ತಿರ ಕುರ್ಚಿ ಎಳೆದುಕೊಂಡು ಕಿವಿಯಲ್ಲಿ, “ಹಿಂದೆ ನಿನ್ನಿಂದ ಏನು ತಪ್ಪಾಯ್ತು, ನನಗಾದ್ರೂ ಹೇಳು. ನಾನು ಯಾರಿಗೂ ಹೇಳಲ್ಲ” ಎಂದರು. ಎಡಗಡೆ ಜಡೆ ಬಲಕ್ಕೆ ತಿರುಗಿಸಿದ್ದೇ ತಪ್ಪಾಯಿತು ಎಂದೆ. “ಯಾರ ಜಡೆ?” ಎಂದು ಕೇಳಿದರು ನಿಮ್ಮ ಅಕ್ಕ, ಮುಖ ಬಿಳಿಚಿಕೊಂಡು. ನಿಮ್ಮ ತಮ್ಮನದು ಎಂದೆ. ಅಲ್ಲಿಂದ ಇಬ್ಬರೂ ನಮ್ಮ ನಮ್ಮ ತುದಿ ಹಿಡಿದು ಎಳೆಯುತ್ತಾ ಎಳೆಯುತ್ತಾ ಕೊನೆಗೆ ಮೆಸೇಜಿನ ಹತ್ತಿರ ಬಂದು ನಿಂತೆವು. ನಾನು ಬರೆದ ‘ಹಿಂದೆ’ ಬೆನ್ನಿನ ಹಿಂದೆ. ನೀವು ಓದಿದ ‘ಹಿಂದೆ’ ಒಂದಾನೊಂದು ಕಾಲದ ಹಿಂದೆ. ನನ್ನ ‘ಬಿಚ್ಚುವುದು’ ನೂಲು, ನಿಮ್ಮದು ಮನಸ್ಸು. ‘ಹಿಂದೆ ಆದ ತಪ್ಪು’ ಎಂದರೆ ನಿಮ್ಮನ್ನು ಮದುವೆಯಾದದ್ದು ಎಂದು ನೀವು ತೀರ್ಮಾನಿಸಿ, ನಾನು ಅದನ್ನು ನಾಲ್ಕು ಜನ ಹಲ್ಲುನೋವಿನವರ ಮುಂದೆ ಹೇಳಿಕೊಂಡೆನೆಂದು ತಿಳಿದು, ಊಟ ಬಿಟ್ಟು ಕೂತಿದ್ದೀರಂತೆ. ಸೊಂಟದವರೆಗೆ ಎಂದದ್ದು ನಿಮಗೆ ಇವತ್ತಿಗೂ ಅರ್ಥವಾಗಿಲ್ಲವಂತೆ. ಅತ್ತಿಗೆಗೆ ಅರ್ಥವಾದ ಕೂಡಲೇ ನಗು ಬಂದು ಬಾಯಿ ತೆರೆದರು, ಅಷ್ಟರಲ್ಲಿ ಡಾಕ್ಟ್ರಮ್ಮ ಅಲ್ಲೇ ಹಾದುಹೋಗುತ್ತಾ ಇಣುಕಿದರು. ಬಲಗಡೆ ಅಲ್ಲ, ಎಡಗಡೆಯೂ ಅಲ್ಲ, ಹಿಂದೆ ಒಂದು ನಿಜವಾಗಿಯೂ ಹುಳುಕಾಗಿತ್ತು. ಕಿತ್ತರು. ಎರಡು ಮೂರು ದಿನ ಹೆಚ್ಚು ಮಾತಾಡಬೇಡಿ ಎಂದು ಹೇಳಿದ್ದಾರೆ. ಆದ್ದರಿಂದ ನಾಳೆ ನೀವು ಈ ಪತ್ರವನ್ನು ನಿಧಾನವಾಗಿ ಓದಬಹುದು.

ಅಂದೇ ನಿಮಗೆ ಫೋನ್ ಮಾಡಿದೆ, ನೀವು ಎತ್ತಲಿಲ್ಲ ಎಂದು ಮೇಲೆಯೇ ಹೇಳಿದ್ದೇನೆ. ಮತ್ತೊಮ್ಮೆ ಹೇಳುವುದರಿಂದ ತಪ್ಪೇನಿಲ್ಲ.

ಸರಿ. ಈಗ ನಿಮ್ಮ ಅರ್ಥದಲ್ಲೇ ಬಿಚ್ಚುತ್ತೇನೆ. ಕೇಳಿದ್ದಿರಲ್ಲ.

ನೀವು ಹೋದ ಮೊದಲ ವಾರ ನನಗೆ ಬಹಳ ಖುಷಿಯಾಗಿತ್ತು. ಮಂಚದ ನಿಮ್ಮ ಅರ್ಧದಲ್ಲಿ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದೆ. ನಿಮ್ಮ ಕುರ್ಚಿಯ ಮೇಲೆ ಆ ಮೇಜಿನ ಹಾಸನ್ನು ಹರವಿದೆ. ಕಡ್ಡಿಗಳನ್ನು ಎಲ್ಲೆಂದರಲ್ಲಿ ಬಿಟ್ಟೆ, ಯಾರೂ ಅವುಗಳ ಮೇಲೆ ಕೂತು ಕಿರುಚಲಿಲ್ಲ. ಎರಡನೆಯ ವಾರ ಮೇಷ್ಟ್ರ ಇನ್ನೊಂದು ಕಾಲಿನ ಅರ್ಧ ಚೀಲ ಎತ್ತಿ ಹಿಡಿದು “ರೀ, ನೋಡಿ” ಎಂದೆ. ಯಾರೂ ಇರಲಿಲ್ಲ. ಪೇಪರಿನ ಹಿಂದಿನಿಂದ, ನೋಡದೆ, “ಚೆನ್ನಾಗಿದೆ” ಎನ್ನುವ ಧ್ವನಿ ಬರಲಿಲ್ಲ. ನೋಡದೆ ಹೇಳುತ್ತೀರೆಂದು ಎಷ್ಟು ಬೈದಿದ್ದೇನೆ ನಿಮ್ಮನ್ನು! ಆದರೆ ಆ ನೋಡದೆ ಹೇಳುವ ಒಂದು ‘ಚೆನ್ನಾಗಿದೆ’ ಇಲ್ಲದಿದ್ದರೆ ನನಗೆ ಯಾವ ಕೆಲಸವೂ ಮುಗಿದ ಹಾಗೆ ಅನ್ನಿಸುವುದಿಲ್ಲ. ಎರಡು ತಿಂಗಳಿಂದ ಮೇಷ್ಟ್ರ ಇನ್ನೊಂದು ಕಾಲಾಗಲಿ, ಡಾಕ್ಟ್ರಮ್ಮನ ಹಲ್ಲಾಗಲಿ ಮುಂದೆ ಹೋಗದಿರುವುದಕ್ಕೆ ನೂಲು ಮುಗಿದದ್ದು ಕಾರಣವಲ್ಲ. ಅದು ನಾನು ಅವರಿಗೆ ಹೇಳಿರುವ ಕಾರಣ.

ಕುರ್ಚಿಯ ಮೇಲಿನ ಹಾಸನ್ನು ತೆಗೆದು ಮಡಿಸಿಟ್ಟಿದ್ದೇನೆ. ಕುರ್ಚಿ ಖಾಲಿಯಿದೆ. ಮಂಚವೂ ಅರ್ಧ ಖಾಲಿಯಿದೆ. ಇಷ್ಟು ಜಾಗ ನನಗೆ ಬೇಡ. ಭಾನುವಾರ ‘ನಿಮ್ಮಿಷ್ಟ’ ಎಂದದ್ದು ಶುದ್ಧ ಸುಳ್ಳು. ನೀವು ಅಲ್ಲೇ ಇದ್ದುಬಿಡುವುದು ನನಗೆ ಎಳ್ಳಷ್ಟೂ ಇಷ್ಟವಿಲ್ಲ. ನೀವು ನನಗೆ ಇಲ್ಲಿ ಬೇಕು. ಇದಕ್ಕೆ ಬೇರೆ ಅರ್ಥ ಇಲ್ಲ, ಹುಡುಕಬೇಡಿ.

ಈ ಮನೆಯಲ್ಲಿ ನಿಮ್ಮ ತೂಕ ಎಷ್ಟೆಂದು ನೀವು ಗೋಡೌನಿನ ಯಂತ್ರವನ್ನು ಕೇಳಿದಿರಿ, ನನ್ನನ್ನು ಕೇಳಲಿಲ್ಲ. ಇರಲಿ, ನಿಮಗೆ ಯಂತ್ರದ ಮಾತೇ ಪ್ರಮಾಣ ಅಲ್ಲವೇ? ಅದರ ಲೆಕ್ಕವನ್ನೇ ಕೊಡುತ್ತೇನೆ. ಬುಧವಾರ ಮಧ್ಯಾಹ್ನದಿಂದ ಬೇರೆಲ್ಲ ಹೆಣಿಗೆಯನ್ನೂ ಬದಿಗಿಟ್ಟೆ. ಅಜ್ಜಿ ಆರನೆಯ ಬಣ್ಣ ಹೇಳಲು ಬಂದಾಗ, ಈಗ ಆಗುವುದಿಲ್ಲ ಅಜ್ಜೀ, ಗಂಡನ ಕೆಲಸ ಇದೆ ಎಂದು ಕಳಿಸಿದೆ. ಅವರು ಬಾಯಿಬಿಟ್ಟುಕೊಂಡು ಹೋದರು. ಬಿಚ್ಚಿದ ನೂಲನ್ನು ನೀರಿನಲ್ಲಿ ಅದ್ದಿ, ಸುಕ್ಕು ಬಿಡಿಸಿ, ಒಣಗಿಸಿ, ಬೆನ್ನನ್ನು ಮತ್ತೆ ಹೆಣೆದು, ಎಲ್ಲವನ್ನೂ ಹೊಲಿದು ಜೋಡಿಸಿ ಮುಗಿಸಿದ್ದೇನೆ. ಇವತ್ತು ಬೆಳಿಗ್ಗೆ ನೀವು ಅಡುಗೆಮನೆಯಲ್ಲಿ ಇಟ್ಟಿರುವ ಪುಟ್ಟ ತಕ್ಕಡಿಯಲ್ಲಿ ತೂಗಿದೆ. ಅರ್ಧ ಕಿಲೋಗೆ ಕೂದಲೆಳೆಯಷ್ಟು ಕಡಿಮೆ.

ಈಗ ನೋಡಿ. ಈ ಸ್ವೆಟರು ಉಣ್ಣೆಯ ಕಡೆಯಿಂದ ಎದ್ದು ನಿಮ್ಮ ಮೈಮೇಲೆ ಬಂದರೆ, ಅಲ್ಲಿ ಅರ್ಧ ಕಿಲೋ ಇಳಿಯುತ್ತದೆ, ಇಲ್ಲಿ ಅರ್ಧ ಕಿಲೋ ಏರುತ್ತದೆ. ಒಂದು ತಟ್ಟೆಯಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ವ್ಯತ್ಯಾಸ ಎರಡರಷ್ಟು ಕುಗ್ಗುತ್ತದೆಂದು ನನಗೆ ಹೇಳಿಕೊಟ್ಟವರು ನೀವೇ. ಈ ಎರಡು ತಿಂಗಳಲ್ಲಿ ಮನೆಗೆ ಹೊಸ ನೂಲು ಬಂದಿಲ್ಲ, ಬೇರೇನೂ ಮುಗಿದು ಹೊರಗೆ ಹೋಗಿಯೂ ಇಲ್ಲ, ಆದ್ದರಿಂದ ನಿಮ್ಮ ಆ ಭಾನುವಾರದ ಲೆಕ್ಕ ಇನ್ನೂ ಹಾಗೇ ನಿಂತಿದೆ. ಕತ್ತಿನ ಪಟ್ಟಿ ಹೆಣೆದುಬಿಟ್ಟರೆ ಮುಳ್ಳು ಸರಿಯಾಗಿ ನಡುವೆ ಬಂದು ನಿಲ್ಲುತ್ತದೆ. ಅದರ ಮೇಲೆ ಒಂದು ಹೊತ್ತು ಹೊಟ್ಟೆ ತುಂಬ ಉಂಡು ನಿಂತಿರೆಂದರೆ ಈ ಮನೆಯಲ್ಲಿ ನಿಮ್ಮದೇ ಮೇಲುಗೈ. ಆದರೆ ನೀವು ಊಟ ಬಿಟ್ಟು ಇಳಿದುಹೋದರೆ ನನ್ನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ದಯವಿಟ್ಟು ಊಟ ಮಾಡಿ. ಅತ್ತಿಗೆ ಒಂದು ಡಬ್ಬಿ ತರುತ್ತಿದ್ದಾರೆ, ಅವರಿಗೆ ಸದ್ಯ ಗಟ್ಟಿ ಪದಾರ್ಥ ತಿನ್ನುವ ಹಾಗಿಲ್ಲ, ಎಲ್ಲ ನಿಮಗೇ.

ಕತ್ತಿನ ಪಟ್ಟಿಯನ್ನು ಯಾಕೆ ಹೆಣೆದಿಲ್ಲ ಎಂದು ಕೇಳುತ್ತೀರಿ. ಅಳತೆಯಿಲ್ಲ. ನಿಮ್ಮ ಅಂಗಿಯ ಕಾಲರನ್ನು ನಂಬುವ ಹಾಗಿಲ್ಲ, ಯೋಚನೆ ಬಂದಾಗಲೆಲ್ಲ ಒಳಗೆ ಬೆರಳು ತೂರಿಸಿ ಎಳೆದು ಎಳೆದು ಅದನ್ನು ಕುದುರೆಯ ಕೊರಳಿಗೆ ಆಗುವಷ್ಟು ಮಾಡಿಟ್ಟಿದ್ದೀರಿ. ಅಕ್ಕನ ಕೈಯಲ್ಲಿ ಅಳತೆ ಬರೆದು ಕಳಿಸುತ್ತೇನೆ ಎನ್ನಬೇಡಿ. ಬರೆದ ಮಾತಿನಿಂದ ನಮಗೆ ಆದದ್ದು ಸಾಕು. ಸೋಮವಾರ ಕಂಪನಿಯವರಿಗೆ ಏನು ಹೇಳಬೇಕೋ ಅದನ್ನು ಒಂದೇ ಅರ್ಥ ಬರುವ ಹಾಗೆ ಹೇಳಿ, ಸಂಜೆಯ ಬಸ್ಸು ಹತ್ತಿ. ಬರುವಾಗ ಕತ್ತು ತನ್ನಿ.

ಡಾಕ್ಟ್ರಮ್ಮ ಕರೆಯುತ್ತಿದ್ದಾರೆ. ಬಾಯಿ ಎಲ್ಲಿ ಎಂದು ಕೇಳುತ್ತಿದ್ದಾರೆ, ಕ್ರೋಶಾದ್ದು.

ಇಂತಿ, ನಿಮ್ಮ ಫೋನಿನಲ್ಲಿ ನೀವೇ ಇಟ್ಟಿರುವ ಹೆಸರಿನ,
ಸಿಕ್ಕು

ಮತ್ತೊಂದು ಮಾತು: ಪತ್ರವನ್ನು ಲಕೋಟೆಗೆ ಹಾಕುವ ಮೊದಲು ಸ್ವೆಟರನ್ನು ಇನ್ನೊಮ್ಮೆ ಕೌಂಟರಿನ ಮೇಲೆ ಹರಡಿ ನೋಡಿದೆ. ಹಿಂದೆ ಅದೇ ಜಾಗದಲ್ಲಿ ಮತ್ತೆ ಅದೇ ತಪ್ಪಾಗಿದೆ. ಎಡಗಡೆಯ ಜಡೆ, ಸೊಂಟದಿಂದ ನಾಲ್ಕು ಬೆರಳು ಮೇಲೆ, ಬಲಕ್ಕೆ ಹೊರಳಿದೆ. ಬಿಡಲಾ, ಬಿಚ್ಚಲಾ ಎಂದು ಈ ಸಲ ನಿಮ್ಮನ್ನು ಕೇಳುತ್ತಿಲ್ಲ. ಬಿಟ್ಟಿದ್ದೇನೆ. ನಿಮ್ಮ ಬೆನ್ನು ನನಗೆ ಪೂರ್ತಿಯಾಗಿ ಕಾಣುವುದು ನೀವು ಬಾಗಿಲು ದಾಟಿ ಹೊರಟುಹೋಗುವಾಗ ಮಾತ್ರ. ಇನ್ನು ನೀವು ಹಾಗೆ ಹೋಗುವುದಿಲ್ಲವಲ್ಲ, ಯಾರು ನೋಡುತ್ತಾರೆ?